ಕೆರೆ ಊರಿನದು, ಮೀನು ಯಾರದು?

ಪ್ರಶ್ನೆ: ನಮ್ಮದು ಹರಿಹರ ತಾಲ್ಲೂಕಿನ ಒಂದು ಹಳ್ಳಿ. ಮಗನಿಗೆ ಹದಿನೇಳು ವರ್ಷ, ದಾವಣಗೆರೆಯಲ್ಲಿ ಪಿಯುಸಿ ಓದುತ್ತಿದ್ದಾನೆ. ಹೋದ ಭಾನುವಾರ ಇಬ್ಬರು ಗೆಳೆಯರ ಜೊತೆ ಊರ ಕೆರೆಗೆ ಗಾಳ ಹಾಕಲು ಹೋಗಿದ್ದ. ಮೂರು ಜಿಲೇಬಿ ಮೀನು, ಒಂದು ಗೆಂಡೆ ಮೀನು ಸಿಕ್ಕಿತ್ತಂತೆ. ಅಷ್ಟರಲ್ಲಿ ಕೆರೆ ಗುತ್ತಿಗೆ ಹಿಡಿದವರ ಕಡೆಯವರು ಬಂದು ಗಾಳ, ಮೊಬೈಲ್ ಎರಡನ್ನೂ ಕಿತ್ತುಕೊಂಡರು. "ಲೈಸೆನ್ಸ್ ಇಲ್ಲದೆ ಮೀನು ಹಿಡಿದರೆ ಜೈಲು. ಹತ್ತು ಸಾವಿರ ದಂಡ ಕಟ್ಟಿ ಮೊಬೈಲ್ ತಗೊಂಡು ಹೋಗಿ" ಅಂದರಂತೆ. ನಮ್ಮ ಮಾವನವರು ಜೀವನಪೂರ್ತಿ ಅದೇ ಕೆರೆಯಲ್ಲಿ ಮೀನು ಹಿಡಿದವರು, ಒಬ್ಬರೂ ಕೇಳಿರಲಿಲ್ಲ. ಗಾಳಕ್ಕೂ ಲೈಸೆನ್ಸ್ ಬೇಕಾ? ಈ ದಂಡ ಕಟ್ಟಬೇಕಾ? ಮಗನ ಮೇಲೆ ಕೇಸ್ ಆಗುತ್ತಾ?

ಉತ್ತರ:

ದಂಡ ಕಟ್ಟಬೇಡಿ ಅಕ್ಕಾವ್ರೆ. ಅದನ್ನು ಮೊದಲೇ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಇದನ್ನು ಓದಿ ಮುಗಿಸುವಷ್ಟರಲ್ಲಿ ಯಾರಾದರೂ ನಿಮ್ಮಿಂದ ದುಡ್ಡು ಈಸಿಕೊಂಡಿರುತ್ತಾರೆ. ಹಾಗಂತ ಮಗ ಮಾಡಿದ್ದು ಸರಿ ಅಂತಲೂ ಅಲ್ಲ. ಎರಡನ್ನೂ ಬೇರೆ ಬೇರೆ ಮಾಡಿ ನೋಡೋಣ.

ನಾನು ಮೀನುಗಾರಿಕೆ ಇಲಾಖೆಯಲ್ಲಿ ಇದ್ದು ನಿವೃತ್ತನಾದವನು. ಚಿತ್ರದುರ್ಗ, ದಾವಣಗೆರೆ ಎರಡೂ ಕಡೆ ಕೆರೆ ಸುತ್ತಿದ್ದೇನೆ. ನನ್ನ ಮೇಜಿಗೆ ಬಂದ ಜಗಳಗಳಲ್ಲಿ ಅರ್ಧಕ್ಕಿಂತ ಜಾಸ್ತಿ ನಿಮ್ಮ ಮಾವನವರ ಮಾತಿನಿಂದಲೇ ಶುರುವಾಗುತ್ತಿದ್ದವು. "ನಮ್ಮಪ್ಪ ಹಿಡಿದಿದ್ದ, ನಮ್ಮಜ್ಜ ಹಿಡಿದಿದ್ದ." ಹೌದು, ಹಿಡಿದಿದ್ದರು. ಆದರೆ ಆಗ ಕೆರೆಯಲ್ಲಿ ಇದ್ದದ್ದು ತಾನಾಗಿ ಬೆಳೆದ ಮೀನು. ಮಳೆ ಬಂದಾಗ ಹಳ್ಳದಲ್ಲಿ ಹತ್ತಿ ಬಂದ ಕೊರವ, ಕೆಳ್ಳೆ, ಹಾವುಮೀನು. ಈಗ ನಿಮ್ಮ ಕೆರೆಯಲ್ಲಿರುವ ಕಾಟ್ಲಾ, ರೋಹು, ಮೃಗಾಲ್, ಸಾಮಾನ್ಯ ಗೆಂಡೆ ಇವೆಲ್ಲ ಯಾರೋ ದುಡ್ಡು ಕೊಟ್ಟು ಮರಿ ತಂದು ಬಿಟ್ಟದ್ದು. ಕೆರೆ ಅದೇ, ನೀರು ಅದೇ. ಮೀನು ಮಾತ್ರ ಅಜ್ಜನ ಕಾಲದ್ದಲ್ಲ.

ಹಾಗಾಗಿ ಮೊದಲು ಕೇಳಬೇಕಾದ್ದು ಲೈಸೆನ್ಸ್ ಇದೆಯಾ ಅಂತಲ್ಲ. ಆ ನೀರಿನಲ್ಲಿ ಮೀನು ಹಿಡಿಯುವ ಹಕ್ಕು ಯಾರ ಕೈಯಲ್ಲಿದೆ ಅಂತ. ಇದಕ್ಕೆ ನಮ್ಮ ಕಡತಗಳಲ್ಲಿ ಒಂದು ಹಳೇ ಮಾತಿದೆ: 'ಮೀನು ಪಾಶುವಾರು ಹಕ್ಕು'. ಮೊದಲ ಸಲ ಕೇಳಿದವರು ಇದು ದನಕರುಗಳಿಗೆ ಸಂಬಂಧಪಟ್ಟದ್ದು ಅಂದುಕೊಳ್ಳುತ್ತಾರೆ. ಅಲ್ಲ. ಕೆರೆಯಲ್ಲಿ ಮೀನು ಸಾಕಿ, ಹಿಡಿದು, ಮಾರುವ ಹಕ್ಕು ಅಷ್ಟೇ. ಕೆರೆಯ ನೆಲ ಸರ್ಕಾರದ್ದು. ನೀರು ಅಚ್ಚುಕಟ್ಟಿನ ರೈತರಿಗೆ. ದನ ನೀರು ಕುಡಿಯಬಹುದು, ಹೆಂಗಸರು ಬಟ್ಟೆ ಒಗೆಯಬಹುದು, ನಿಮ್ಮ ಮಗ ಈಜಬಹುದು. ಇದನ್ನೆಲ್ಲ ತಡೆಯುವ ಅಧಿಕಾರ ಗುತ್ತಿಗೆದಾರನಿಗಿಲ್ಲ. ಮೀನು ಮಾತ್ರ ಅವನ ಪಾಲು.

ಸಣ್ಣ ಕೆರೆಗಳಾದರೆ ಈ ಹಕ್ಕನ್ನು ಗ್ರಾಮ ಪಂಚಾಯ್ತಿ ವಿಲೇವಾರಿ ಮಾಡುತ್ತದೆ. ದೊಡ್ಡ ಕೆರೆಗಳಾದರೆ ಮೀನುಗಾರಿಕೆ ಇಲಾಖೆ, ಮೀನುಗಾರರ ಸಹಕಾರ ಸಂಘಕ್ಕೋ ಟೆಂಡರ್ ಕಂ ಹರಾಜಿನಲ್ಲಿ ಗೆದ್ದವರಿಗೋ ಕೊಡುತ್ತದೆ. ಸಾಮಾನ್ಯವಾಗಿ ಐದು ವರ್ಷದ ಗುತ್ತಿಗೆ. ಲೆಕ್ಕ ಫಸಲಿ ವರ್ಷದ್ದು, ಅಂದರೆ ಜುಲೈ 1ರಿಂದ ಜೂನ್ 30. ಈ ತಾರೀಖು ನೆನಪಿರಲಿ. ಗುತ್ತಿಗೆ ಜೂನ್ ಕೊನೆಗೆ ಮುಗಿದು ಹೊಸ ಆದೇಶ ಆಗದೆ ಇದ್ದರೂ, ಹಳಬರು ಸುಮ್ನೆ ಕೆರೆ ಕಾಯುತ್ತಾ "ನಮ್ಮದೇ" ಅನ್ನುವುದು ನಮ್ಮ ಕಡೆ ಮಾಮೂಲು.

ಪರವಾನಗಿ ಅನ್ನುವುದು ಹೆಚ್ಚಾಗಿ ಜಲಾಶಯ ಮತ್ತು ಹೊಳೆಯ ಮಾತು. ಹಿರಿಯೂರಿನ ವಾಣಿವಿಲಾಸ ಸಾಗರದಂಥ ನೀರು ಒಬ್ಬ ಗುತ್ತಿಗೆದಾರ ಕಾಯುವಂಥದ್ದಲ್ಲ. ಮೂವತ್ತು ಟಿಎಂಸಿ ನೀರು ಅದು. 1907ರಲ್ಲಿ ಕಟ್ಟಿ ಮುಗಿಸಿದ ಅಣೆಕಟ್ಟು, 1933ರಲ್ಲಿ ಒಮ್ಮೆ ಕೋಡಿ ಬಿದ್ದದ್ದು ಮತ್ತೆ ಕೋಡಿ ಬಿದ್ದದ್ದು 2022ಕ್ಕೆ. ಇಂಥ ಕಡೆ ಮೀನುಗಾರರು ಒಬ್ಬೊಬ್ಬರೂ ವರ್ಷಕ್ಕೆ ಇಷ್ಟು ಅಂತ ಶುಲ್ಕ ಕಟ್ಟಿ, ತಮ್ಮ ಹೆಸರಿನಲ್ಲಿ ಪರವಾನಗಿ ಪಡೆದು, ಹರಿಗೋಲು ಇಳಿಸುವುದು ಪದ್ಧತಿ. ಹೊಳೆಯಲ್ಲೂ ಹೀಗೇ. ಕೆಲವು ನದಿಭಾಗಗಳನ್ನು ಗುತ್ತಿಗೆಗೆ ಕೊಡುವುದೂ ಉಂಟು. ಅರ್ಜಿ ಹಾಕಬೇಕಾದ್ದು ತಾಲ್ಲೂಕಿನ ಮೀನುಗಾರಿಕೆ ಸಹಾಯಕ ನಿರ್ದೇಶಕರ ಕಚೇರಿಗೆ. ಪರವಾನಗಿ ಅಂದರೆ ಬರೀ ದಂಡ ತಪ್ಪಿಸಿಕೊಳ್ಳುವ ಚೀಟಿ ಅಂತ ತಿಳಿಯಬೇಡಿ. ಇಲಾಖೆಯ ದಾಖಲೆಯಲ್ಲಿ ಮೀನುಗಾರ ಅಂತ ಹೆಸರಿದ್ದವರಿಗೆ ಮತ್ಸ್ಯ ಸಂಪದ ಯೋಜನೆಯಲ್ಲಿ ಅಪಘಾತ ವಿಮೆ ಇದೆ, ಸತ್ತರೆ ಮನೆಯವರಿಗೆ ಐದು ಲಕ್ಷ. ಹರಿಗೋಲು ಮಗುಚಿದ ಮೇಲೆ ಹೆಸರು ಬರೆಸಲು ಆಗುವುದಿಲ್ಲ.

ಈಗ ಗಾಳಕ್ಕೆ ಬರೋಣ. "ಬಲೆ ಹಾಕಿದರೆ ತಪ್ಪು, ಗಾಳ ಹಾಕಿದರೆ ಏನೂ ಇಲ್ಲ" ಅನ್ನುವುದು ಕಟ್ಟೆ ಮೇಲಿನ ಕಾನೂನು. ಗುತ್ತಿಗೆ ಇರುವುದು ಮೀನಿನ ಮೇಲೆ. ಬೀಸುಬಲೆಯಲ್ಲಿ ಹಿಡಿದರೂ ಮೀನೇ, ಕೂಳಿ ಇಟ್ಟು ಹಿಡಿದರೂ ಮೀನೇ, ಎರೆಹುಳ ಸಿಕ್ಕಿಸಿ ಹಿಡಿದರೂ ಮೀನೇ. ಗುತ್ತಿಗೆ ಕೆರೆಯಲ್ಲಿ ಗಾಳ ಹಾಕಬೇಕಾದರೆ ಗುತ್ತಿಗೆದಾರನ ಒಪ್ಪಿಗೆ ಬೇಕು. ಕೇಳಿದರೆ ಎಷ್ಟೋ ಜನ ಕೊಡುತ್ತಾರೆ. ಜಿಲೇಬಿ ಹಿಡಿದರೆ ಅವರಿಗೂ ಸಂತೋಷವೇ, ಅದು ಬೇಡವೆಂದರೂ ಹೆಚ್ಚುತ್ತಾ ಹೋಗಿ ಗೆಂಡೆಗಳ ಮೇವು ತಿನ್ನುವ ಮೀನು. ನಿಮ್ಮ ಮಗ ಕೇಳದೆ ಹೋದ. ಆ ಒಂದು ಗೆಂಡೆ ಇದೆಯಲ್ಲ, ಅದೇ ಅವರ ಹೊಟ್ಟೆ ಉರಿಸಿರೋದು.

ಅವರ ಹೊಟ್ಟೆಯುರಿಗೂ ಕಾರಣ ಇದೆ ಅನ್ನಿ. ಮಳೆ ಬಿದ್ದ ಮೇಲೆ ಮರಿ ತರಬೇಕು, ಬೆರಳುದ್ದ ಇದ್ದಾಗ ಬಿಡಬೇಕು, ನೀರುಕಾಗೆ ತಿಂದು ಉಳಿದದ್ದು ಬೆಳೆಯಬೇಕು. ಮೇವು ಚೆನ್ನಾಗಿದ್ದರೆ ಕಾಟ್ಲಾ ಒಂದು ಕೆಜಿ ತೂಗಲು ಹತ್ತಿರ ಹತ್ತಿರ ಒಂದು ವರ್ಷ. ಚಳ್ಳಕೆರೆ, ಮೊಳಕಾಲ್ಮೂರು ಕಡೆ ಗುತ್ತಿಗೆ ಹಣ ಕಟ್ಟಿ, ಎರಡು ವರ್ಷ ಕೆರೆ ತುಂಬದೆ ಒಣ ಅಂಗಳ ನೋಡಿಕೊಂಡು ಕೂತವರನ್ನು ನಾನು ಕಂಡಿದ್ದೇನೆ. ಮೂರನೇ ವರ್ಷ ನೀರು ಬಂದಾಗ ದಡದಲ್ಲಿ ಯಾರು ಕೂತರೂ ಅವರಿಗೆ ಕಳ್ಳನಂತೆಯೇ ಕಾಣುತ್ತದೆ.

ಆದರೆ ಕಾನೂನಿನ ಕಣ್ಣಿಗೆ ನಿಮ್ಮ ಮಗ ಕಳ್ಳನಾ? ಇಲ್ಲಿ ವಿಷಯ ಸ್ವಲ್ಪ ಸೂಕ್ಷ್ಮ. ಕಳ್ಳತನ ಅಂದರೆ ಇನ್ನೊಬ್ಬರ ವಶದಲ್ಲಿರುವ ವಸ್ತುವನ್ನು ಒಪ್ಪಿಗೆ ಇಲ್ಲದೆ ತೆಗೆಯುವುದು. ಹರಿಯುವ ಹೊಳೆಯ ಮೀನು ಹಿಡಿಯುವ ತನಕ ಯಾರ ವಶದಲ್ಲೂ ಇಲ್ಲ. ಹರಿಹರದ ತುಂಗಭದ್ರೆಯಲ್ಲಿ ಪರವಾನಗಿ ಇಲ್ಲದೆ ಹಿಡಿದರೆ ಅದು ಮೀನುಗಾರಿಕೆ ನಿಯಮದ ಉಲ್ಲಂಘನೆ, ಕಳ್ಳತನ ಅಲ್ಲ. ಮನೆ ಹಿಂದಿನ ಹೊಂಡದಲ್ಲಿ ಸಾಕಿದ ಮೀನು ಹಿಡಿದರೆ ಅದು ಖಂಡಿತ ಕಳ್ಳತನ. ಬ್ರಿಟಿಷರ ಕಾಲದಿಂದಲೂ ನ್ಯಾಯಾಲಯಗಳು ನೋಡುತ್ತಾ ಬಂದಿರುವುದು ಇದನ್ನೇ: ಮೀನು ಬೇಕಾದ ಕಡೆ ಹೋಗುವ ಸ್ಥಿತಿಯಲ್ಲಿ ಇತ್ತಾ, ಅಥವಾ ಒಡೆಯ ಯಾವಾಗ ಬೇಕಾದರೂ ಹಿಡಿಯಬಹುದಾದಷ್ಟು ಕಟ್ಟಿಹಾಕಿದ ನೀರಿನಲ್ಲಿ ಇತ್ತಾ? ನೀರಾವರಿ ಕೆರೆ ಇವೆರಡರ ನಡುವೆ ಬರುತ್ತದೆ. ಕೋಡಿ ಹರಿದರೆ ಮೀನು ಹಳ್ಳಕ್ಕೆ ಹೋಗುತ್ತದೆ, ಬೇಸಿಗೆಯಲ್ಲಿ ಗುಂಡಿಯಲ್ಲಿ ಸಿಕ್ಕಿಕೊಳ್ಳುತ್ತದೆ. ಹಾಗಾಗಿ ವಕೀಲರಿಗೆ ಎರಡೂ ಕಡೆ ವಾದಿಸಲು ಜಾಗ ಇದೆ.

ಕಳ್ಳತನ ಅಂತಲೇ ಇಟ್ಟುಕೊಳ್ಳಿ. ಈಗ ಐಪಿಸಿ ಇಲ್ಲ, 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆ. ಅದರ 303ನೇ ಕಲಂ ಪ್ರಕಾರ ಕಳ್ಳತನಕ್ಕೆ ಮೂರು ವರ್ಷದ ತನಕ ಜೈಲು, ಅಥವಾ ದಂಡ, ಅಥವಾ ಎರಡೂ. ಕೇಳಿದರೆ ಎದೆ ಧಸಕ್ ಅನ್ನುತ್ತದೆ, ಅಲ್ವಾ? ಆದರೆ ಅದೇ ಕಲಮಿನಲ್ಲಿ ಮುಂದೆ ಇನ್ನೊಂದು ಮಾತಿದೆ. ಮಾಲಿನ ಬೆಲೆ ಐದು ಸಾವಿರಕ್ಕಿಂತ ಕಡಿಮೆ ಇದ್ದು, ಮೊದಲ ಸಲ ತಪ್ಪಿತಸ್ಥ ಅಂತ ತೀರ್ಮಾನ ಆದರೆ, ಮಾಲು ಅಥವಾ ಅದರ ಬೆಲೆ ವಾಪಸ್ ಕೊಟ್ಟವನಿಗೆ ಶಿಕ್ಷೆ ಬರೀ ಸಮುದಾಯ ಸೇವೆ. ಇಷ್ಟು ಸಣ್ಣ ಪ್ರಕರಣದಲ್ಲಿ ಪೊಲೀಸರು ಮ್ಯಾಜಿಸ್ಟ್ರೇಟರ ಅಪ್ಪಣೆ ಇಲ್ಲದೆ ತನಿಖೆ ಶುರು ಮಾಡುವಂತಿಲ್ಲ, ವಾರಂಟ್ ಇಲ್ಲದೆ ಹಿಡಿಯುವಂತಿಲ್ಲ. ಮೂರು ಜಿಲೇಬಿ, ಒಂದು ಗೆಂಡೆಗೆ ಸಂತೆಯಲ್ಲಿ ಎಷ್ಟು ಬೆಲೆ ಅಂತ ನಿಮಗೇ ಗೊತ್ತು. ಜೊತೆಗೆ ಮಗನಿಗಿನ್ನೂ ಹದಿನೆಂಟು ತುಂಬಿಲ್ಲ. ವಿಷಯ ಹೋದರೂ ಬಾಲ ನ್ಯಾಯ ಮಂಡಳಿಗೆ ಹೋಗುತ್ತದೆ, ಲಾಕಪ್ಪಿನಲ್ಲಿ ಇಡುವಂತೆಯೇ ಇಲ್ಲ. "ಜೈಲು" ಅನ್ನುವ ಬೆದರಿಕೆಯಲ್ಲಿ ಉಳಿದದ್ದು ಇಷ್ಟೇ. ಎರಡನೇ ಸಲ ಶಿಕ್ಷೆಯಾದರೆ ಮಾತ್ರ ಕತೆ ಬೇರೆ: ಕನಿಷ್ಠ ಒಂದು ವರ್ಷ, ಐದು ವರ್ಷದ ತನಕ ಕಠಿಣ ಸಜೆ. ಇದನ್ನು ಮಗನಿಗೆ ಹೇಳಿ.

ಅಂತರ್ಜಾಲದಲ್ಲಿ ಹುಡುಕಿದವರು ನನಗೆ ಇನ್ನೊಂದು ಅಂಕಿ ತಂದು ತೋರಿಸುತ್ತಿರುತ್ತಾರೆ. ಎರಡು ತಿಂಗಳ ಸಜೆ ಇಲ್ಲಾ ಇನ್ನೂರು ರೂಪಾಯಿ ದಂಡ, ನೂರು ರೂಪಾಯಿ ದಂಡ ಅಂತ. ಅದು 1897ರ ಭಾರತೀಯ ಮೀನುಗಾರಿಕೆ ಕಾಯ್ದೆ. ಇನ್ನೂರು ರೂಪಾಯಿ ಇರುವುದು ತೋಟೆ (ಸಿಡಿಮದ್ದು) ಸಿಡಿಸಿ ಇಲ್ಲವೇ ವಿಷ ಹಾಕಿ ಮೀನು ಹಿಡಿದದ್ದಕ್ಕೆ. ಅದಿರಲಿ, ಆ ಕಾಯ್ದೆ ನಮ್ಮ ಹಳೇ ಮೈಸೂರು ಸೀಮೆಗೆ ಅನ್ವಯವೇ ಆಗಲಿಲ್ಲ. 1956ರ ನವೆಂಬರ್ 1ಕ್ಕೆ ಮುಂಚೆ 'ಬಿ' ವರ್ಗದ ರಾಜ್ಯಗಳಾಗಿದ್ದ ಪ್ರದೇಶಗಳನ್ನು ಅದು ಹೊರಗಿಟ್ಟಿದೆ. ಮೈಸೂರು ಅಂಥ ರಾಜ್ಯ. ಚಿತ್ರದುರ್ಗ ಮೈಸೂರಿನ ಜಿಲ್ಲೆ, ದಾವಣಗೆರೆ 1997ರ ತನಕ ಚಿತ್ರದುರ್ಗದ ಒಳಗೇ ಇತ್ತು. ನಮ್ಮಲ್ಲಿ ಇದ್ದದ್ದು ಮೈಸೂರು ಸಂಸ್ಥಾನದ 1901ರ ಬೇಟೆ ಮತ್ತು ಮೀನು ಸಂರಕ್ಷಣೆಯ ಕಾನೂನು. ಈಗ ನೋಡಬೇಕಾದ್ದು ಕರ್ನಾಟಕ ಒಳನಾಡು ಮೀನುಗಾರಿಕೆ ಕಾಯ್ದೆ, 1996. ಆದರೆ ಕಾಗದದ ಮೇಲಿನ ದಂಡಕ್ಕಿಂತ ಮೀನುಗಾರನಿಗೆ ನೋಯುವುದು ಬಲೆ, ಹರಿಗೋಲು, ಹಿಡಿದ ಮೀನು ಜಪ್ತಿ ಆದಾಗ. ಕಂತುಬಲೆ ಹೋದರೆ ಒಂದು ಹಂಗಾಮಿನ ಸಂಪಾದನೆಯೇ ಹೋದಂತೆ. ಹಾಗಾಗಿ ಹೊಟ್ಟೆಪಾಡಿಗೆ ಬಲೆ ಹಿಡಿದವರಿಗೆ ನಾನು ಯಾವಾಗಲೂ ಹೇಳುತ್ತಿದ್ದದ್ದು: ದಂಡದ ಲೆಕ್ಕ ಹಾಕಬೇಡಿ, ಬಲೆಯ ಲೆಕ್ಕ ಹಾಕಿ.

ನಿಜವಾದ ಜೈಲು ಇರುವುದು ಬೇರೆ ಕಡೆ. ಮಕ್ಕಳಿರುವ ಮನೆ ಅಂತ ಬಿಡಿಸಿ ಹೇಳುತ್ತೇನೆ.

ಚಿತ್ರದುರ್ಗದ ಕಡೆ ಗಣಿ, ಕಲ್ಲುಕ್ವಾರಿ ಜಾಸ್ತಿ. ಅಲ್ಲಿಂದ ಜಿಲೆಟಿನ್ ಕಡ್ಡಿ ಹೇಗೋ ಕೈಗೆ ಬರುತ್ತದೆ. ತೋಟೆ ಸಿಡಿಸಿದರೆ ತೇಲುವ ಮೀನಿಗಿಂತ ತಳಕ್ಕೆ ಹೋಗಿ ಕೊಳೆಯುವುದೇ ಹೆಚ್ಚು. ಮರಿ, ಮೊಟ್ಟೆ ಎಲ್ಲ ನಾಶ. ಇದಕ್ಕೆ ಮೀನುಗಾರಿಕೆ ಕಾನೂನು ಒಂದೇ ಅಲ್ಲ, 1908ರ ಸ್ಫೋಟಕ ವಸ್ತುಗಳ ಕಾಯ್ದೆ ಬರುತ್ತದೆ. ಅನುಮಾನ ಹುಟ್ಟಿಸುವ ಹಾಗೆ ಸ್ಫೋಟಕ ಇಟ್ಟುಕೊಂಡಿದ್ದರೇ ಹತ್ತು ವರ್ಷದ ತನಕ ಸಜೆ. ಜೀವಕ್ಕೆ ಅಪಾಯ ಆಗುವಂತೆ ಸಿಡಿಸಿದರೆ ಜೀವಾವಧಿಯ ತನಕ ಹೋಗಬಹುದು. ಬತ್ತಿ ಹಚ್ಚಿ ಎಸೆಯುವುದು ಅರೆಕ್ಷಣ ತಡವಾಗಿ ಕೈ ಕಳೆದುಕೊಂಡವನೊಬ್ಬ ನನ್ನ ಎದುರು ಕೂತು ಅರ್ಜಿಗೆ ಎಡಗೈ ಹೆಬ್ಬೆಟ್ಟು ಒತ್ತಿದ್ದ. ಅದಾದ ಮೇಲೆ ಈ ವಿಷಯದಲ್ಲಿ ನನಗೆ ಕನಿಕರ ಉಳಿದಿಲ್ಲ.

ಇನ್ನೊಂದು ಕರೆಂಟು. ಪಂಪ್‌ಸೆಟ್ ಲೈನಿಗೆ ಕೊಕ್ಕೆ ಹಾಕಿ ತಂತಿ ನೀರಿಗೆ ಇಳಿಸುವುದು. 2003ರ ವಿದ್ಯುತ್ ಕಾಯ್ದೆಯ 135ನೇ ಕಲಂ, ಮೂರು ವರ್ಷದ ತನಕ. ಅದು ಕರೆಂಟು ಕದ್ದದ್ದಕ್ಕೆ ಮಾತ್ರ. ಆಚೆ ದಡದಲ್ಲಿ ಎಮ್ಮೆ ತೊಳೆಯುತ್ತಿದ್ದವನು ಸತ್ತರೆ ಸಾವಿನ ಕೇಸೂ ಸೇರಿಕೊಳ್ಳುತ್ತದೆ.

ವಿಷ ಹಾಕುವವರೂ ಇದ್ದಾರೆ. ಹಿಂದೆ ಕಾರೆಕಾಯಿ ಜಜ್ಜಿ ಗುಂಡಿಗೆ ಹಾಕುತ್ತಿದ್ದರು, ಈಗ ಬ್ಲೀಚಿಂಗ್ ಪುಡಿ, ಹೊಲಕ್ಕೆ ಹೊಡೆಯುವ ಔಷಧಿ. ಚನ್ನಗಿರಿಯ ಸೂಳೆಕೆರೆ ಅಂದರೆ ಶಾಂತಿಸಾಗರ, ಅದರ ನೀರು ಚಿತ್ರದುರ್ಗದ ನಲ್ಲಿಗಳಿಗೆ ಹೋಗುತ್ತದೆ. ದಾವಣಗೆರೆಯ ಕುಂದುವಾಡ ಕೆರೆಯೂ ಕುಡಿಯುವ ನೀರಿನದೇ. ಜನ ಬಳಸುವ ನೀರು ಕೆಡಿಸಿದರೆ ನ್ಯಾಯ ಸಂಹಿತೆಯ 279ರಲ್ಲಿ ಆರು ತಿಂಗಳು, ಐದು ಸಾವಿರ ದಂಡದ ತನಕ ಇದೆ. ನನ್ನನ್ನು ಕೇಳಿದರೆ ಅದು ಕಡಿಮೆಯೇ ಆಯಿತು. ಬೇಸಿಗೆಯಲ್ಲಿ ಮೀನಿಗಾಗಿ ತೂಬು ಎತ್ತಿ ನೀರು ಖಾಲಿ ಮಾಡುವವರಿಗೆ, ಅವರು ಗುತ್ತಿಗೆದಾರರೇ ಆಗಲಿ, 326ನೇ ಕಲಂ ಇದೆ. ನೀರಾವರಿಯ ನೀರು ಕಡಿಮೆಯಾಗುವಂಥ ಹಾನಿಗೆ ಐದು ವರ್ಷದ ತನಕ.

ಬಲೆಗೆ ಆಮೆ ಬಿದ್ದರೆ ಬಿಟ್ಟುಬಿಡಿ. ಸಾರು ಚೆನ್ನಾಗಿರುತ್ತದೆ ಅನ್ನುವ ಮಾತು ನನಗೂ ಗೊತ್ತು. ಆದರೆ ನಮ್ಮ ಕೆರೆಗಳ ಮೆದುಚಿಪ್ಪಿನ ಆಮೆ ವನ್ಯಜೀವಿ ಕಾಯ್ದೆಯ ಮೊದಲ ಪಟ್ಟಿಯಲ್ಲಿದೆ, ಹುಲಿ ಇರುವ ಪಟ್ಟಿಯಲ್ಲೇ. ಕನಿಷ್ಠ ಮೂರು ವರ್ಷ, ಏಳು ವರ್ಷದ ತನಕ ಸಜೆ, ಇಪ್ಪತ್ತೈದು ಸಾವಿರಕ್ಕೆ ಕಡಿಮೆ ಇಲ್ಲದ ದಂಡ. ಜಗಳೂರಿನ ರಂಗಯ್ಯನದುರ್ಗ, ಚಿತ್ರದುರ್ಗದ ಜೋಗಿಮಟ್ಟಿ ಇವು ಅಭಯಾರಣ್ಯಗಳು. ಅಪ್ಪಣೆ ಇಲ್ಲದೆ ಒಳಗೆ ಹೆಜ್ಜೆ ಇಟ್ಟರೇ ತಪ್ಪು, ಗಾಳದ ಮಾತು ಆಮೇಲೆ.

ಇನ್ನು ನಿಮ್ಮ ಮೊಬೈಲ್ ವಿಷಯ. ದಂಡ ಹಾಕುವುದು ನ್ಯಾಯಾಲಯ, ಇಲ್ಲವೇ ಕಾನೂನು ಅಧಿಕಾರ ಕೊಟ್ಟ ಅಧಿಕಾರಿ, ರಸೀದಿ ಸಮೇತ. ಗುತ್ತಿಗೆದಾರ ಅಧಿಕಾರಿ ಅಲ್ಲ. ಹಕ್ಕಿಗೆ ಹಣ ಕಟ್ಟಿದ ವ್ಯಾಪಾರಿ. ಅವನು ತನ್ನ ಮೀನನ್ನು ವಾಪಸ್ ಕೇಳಬಹುದು, ಹುಡುಗರನ್ನು ದಡದಿಂದ ಎಬ್ಬಿಸಬಹುದು, ಪಂಚಾಯ್ತಿಗೋ ಇಲಾಖೆಗೋ ಠಾಣೆಗೋ ದೂರು ಕೊಡಬಹುದು. ಮೊಬೈಲ್ ಒತ್ತೆ ಇಟ್ಟುಕೊಂಡು ಹತ್ತು ಸಾವಿರ ಕೇಳುವುದು ದಂಡ ಅಲ್ಲ, ಬೆದರಿಸಿ ವಸೂಲಿ. ನ್ಯಾಯ ಸಂಹಿತೆಯ 308ರಲ್ಲಿ ಸುಲಿಗೆಗೆ ಏಳು ವರ್ಷದ ತನಕ ಶಿಕ್ಷೆ ಇದೆ. ಜೈಲಿನ ಮಾತು ಎತ್ತಿದವರಿಗೆ ಈ ಕಲಂ ಗೊತ್ತಿದ್ದಂತಿಲ್ಲ. ಹುಡುಗರನ್ನು ಕೂಡಿಹಾಕುವುದಕ್ಕೂ ಅವರಿಗೆ ಹಕ್ಕಿಲ್ಲ. ಖಾಸಗಿಯವರು ಒಬ್ಬನನ್ನು ಹಿಡಿದು ಪೊಲೀಸರಿಗೆ ಒಪ್ಪಿಸಬಹುದಾದದ್ದು, ಕಣ್ಣೆದುರೇ ಜಾಮೀನು ಸಿಗದ, ಪೊಲೀಸರು ನೇರ ಕ್ರಮ ಕೈಗೊಳ್ಳಬಹುದಾದ ಅಪರಾಧ ನಡೆದಾಗ. ಅದೂ ಆರು ಗಂಟೆಯೊಳಗೆ. ನಾಲ್ಕು ಮೀನು ಆ ಲೆಕ್ಕಕ್ಕೆ ಬರುವುದಿಲ್ಲ.

ನಾನಾಗಿದ್ದರೆ ಹೀಗೆ ಮಾಡುತ್ತಿದ್ದೆ. ಮೊದಲು ಠಾಣೆಗೆ ಓಡಬೇಡಿ, ಒಂದೇ ಊರಿನಲ್ಲಿ ಬಾಳಬೇಕು. ಪಂಚಾಯ್ತಿ ಕಚೇರಿಗೆ ಹೋಗಿ, ಕೆರೆ ಯಾರ ಹೆಸರಿಗೆ, ಯಾವ ಫಸಲಿ ವರ್ಷದ ತನಕ ಗುತ್ತಿಗೆ ಆಗಿದೆ ಅಂತ ಕೇಳಿ. ಕೆರೆ ಇಲಾಖೆಯದಾದರೆ ಹರಿಹರದ ಮೀನುಗಾರಿಕೆ ಕಚೇರಿಯಲ್ಲಿ ಕೇಳಿ. ಬಾಯಿಮಾತಿಗೆ ಹೇಳದಿದ್ದರೆ ಮಾಹಿತಿ ಹಕ್ಕಿನಲ್ಲಿ ಹತ್ತು ರೂಪಾಯಿ ಕಟ್ಟಿ ಗುತ್ತಿಗೆ ಆದೇಶ ಮತ್ತು ಕರಾರು ಪತ್ರದ ನಕಲು ಕೇಳಿ, ಮೂವತ್ತು ದಿನದಲ್ಲಿ ಕೊಡಬೇಕು. ಕರಾರಿನ ಷರತ್ತುಗಳನ್ನು ಓದಿ. ಒಳಗುತ್ತಿಗೆ ಕೊಡಬಾರದು ಅಂತ ಸಾಮಾನ್ಯವಾಗಿ ಇರುತ್ತದೆ. ನಿಮ್ಮ ಮಗನ ಮೊಬೈಲ್ ಕಿತ್ತುಕೊಂಡವನ ಹೆಸರು ಆ ಕಾಗದದಲ್ಲಿ ಇದೆಯಾ ನೋಡಿ. ಎಷ್ಟೋ ಕೆರೆಗಳಲ್ಲಿ ಸಂಘದ ಹೆಸರಿನಲ್ಲಿ ಗುತ್ತಿಗೆ, ಮೀನು ಹಿಡಿಯುವುದು ಮಾತ್ರ ಬೇರೆ ಜಿಲ್ಲೆಯ ದಲ್ಲಾಳಿ.

ಆಮೇಲೆ ಊರಿನ ಒಬ್ಬ ಹಿರಿಯರನ್ನು ಕರೆದುಕೊಂಡು ಗುತ್ತಿಗೆದಾರರ ಹತ್ತಿರ ಹೋಗಿ. ಗೆಂಡೆಯ ಬೆಲೆ ಕೊಡುತ್ತೇವೆ, ಹುಡುಗ ಕೇಳದೆ ಹಿಡಿದದ್ದು ತಪ್ಪು, ಮೊಬೈಲ್ ಕೊಡಿ ಅನ್ನಿ. ಹತ್ತರಲ್ಲಿ ಎಂಟು ಸಲ ಅಲ್ಲಿಗೇ ಮುಗಿಯುತ್ತದೆ. ದುಡ್ಡು ಕೊಟ್ಟರೆ ಒಂದು ಚೀಟಿ ಬರೆಸಿಕೊಳ್ಳಿ: ಇಷ್ಟು ಮೀನಿಗೆ ಇಷ್ಟು ಬೆಲೆ ಅಂತ. 'ದಂಡ' ಅನ್ನುವ ಪದ ಅದರಲ್ಲಿ ಬೇಡ. ಕೊಡದಿದ್ದರೆ ಆಗ ಠಾಣೆ. ದೂರಿನಲ್ಲಿ ನಿಮ್ಮ ಮಗ ಗಾಳ ಹಾಕಿದ್ದನ್ನು ಮುಚ್ಚಿಡಬೇಡಿ. ಅದನ್ನು ನೀವೇ ಬರೆದರೆ ಎದುರಿನವರಿಗೆ ಹೇಳಲು ಏನೂ ಉಳಿಯುವುದಿಲ್ಲ.

ಮಾವನವರಿಗೂ ಒಂದು ಮಾತು ಹೇಳಿ. ಮಲೆನಾಡಿನ ಸೊರಬ, ಸಾಗರದ ಕಡೆ ಬೇಸಿಗೆಯಲ್ಲಿ ನೀರು ಇಳಿದಾಗ ಊರವರೆಲ್ಲ ಒಟ್ಟಿಗೆ ಕೂಣಿ (ಮೀನು ಹಿಡಿಯುವ ಬುಟ್ಟಿ) ಹಿಡಿದು ಕೆರೆ ಬೇಟೆಗೆ ಇಳಿಯುತ್ತಾರೆ. ಅಲ್ಲೂ ಕೆರೆ ಸಮಿತಿಗೆ ಇಷ್ಟು ಅಂತ ಕಟ್ಟಿಯೇ ಇಳಿಯುವುದು. ನಿಮ್ಮ ಊರಲ್ಲೂ ಗುತ್ತಿಗೆ ಹರಾಜಿಗೆ ಮುಂಚೆ, ಊರವರು ಗಾಳ ಹಾಕಲು ವಾರಕ್ಕೊಂದು ದಿನ ಬಿಡಬೇಕು ಅಂತ ಷರತ್ತು ಸೇರಿಸಲು ಗ್ರಾಮಸಭೆಯಲ್ಲಿ ಕೇಳಬಹುದು. ಕೆರೆ ಪಂಚಾಯ್ತಿಯದಾದರೆ ಇದು ಕಷ್ಟವೇನಲ್ಲ. ಹರಾಜು ಮುಗಿದ ಮೇಲೆ ಎದ್ದು ನಿಂತರೆ ಪ್ರಯೋಜನ ಇಲ್ಲ.

ಅಲ್ಲಿಯವರೆಗೆ ಹುಡುಗನಿಗೆ ಗಾಳ ಹಾಕಲೇಬೇಕು ಅನ್ನಿಸಿದರೆ, ನೆಂಟರಲ್ಲಿ ಯಾರ ಹೊಲದಲ್ಲಾದರೂ ಕೃಷಿ ಹೊಂಡ ಇದೆಯಾ ನೋಡಿ. ಸ್ವಂತ ಹೊಂಡದ ಮೀನಿಗೆ ಲೈಸೆನ್ಸೂ ಬೇಡ, ಗುತ್ತಿಗೆಯೂ ಬೇಡ. ನಾಲ್ಕು ನೂರು ಗೆಂಡೆ ಮರಿ ಬಿಡಿಸಿ. ಬೇಗ ಬೆಳೆಯುತ್ತದೆ ಅಂತ ಯಾರಾದರೂ ಆಫ್ರಿಕನ್ ಕ್ಯಾಟ್‌ಫಿಶ್ ಮರಿ ತಂದರೆ ಮಾತ್ರ ಒಪ್ಪಬೇಡಿ, ಅದರ ಸಾಕಣೆ ಸ್ವಂತ ಹೊಂಡದಲ್ಲೂ ನಿಷೇಧ. ಹೊಂಡದ ಪ್ಲಾಸ್ಟಿಕ್ ಹಾಳೆ ಜಾರುತ್ತದೆ, ದಡಕ್ಕೆ ಒಂದು ಹಗ್ಗ ಕಟ್ಟಿಸಿ. ಒಬ್ಬನನ್ನೇ ಕಳಿಸಬೇಡಿ.